ಕಕ್ಕಡ ಹದಿನೆಂಟು

ತಾಯಿ ಕಾರ್ಡಿನಲ್ಲಿ ಒಂದು ಪುಟ್ಟ ಚೌಕ.
ತಂಬಾಕು ಉಂಟಾ? ಅಂದಳು ಸಿಸ್ಟರ್ ಫಿಲೋಮಿನ,
ತಲೆಯೆತ್ತದೆ, ಪೆನ್ನನ್ನು ಆಗಲೇ ಇಲ್ಲದ ಕಡೆ ವಾಲಿಸಿ.
ಇಲ್ಲ, ಅಂದೆ.
ಗೋಣಿಕೊಪ್ಪದ ಆಸ್ಪತ್ರೆ ಮೆಟ್ಟಿಲಿಳಿದು
ಆಂಬುಲೆನ್ಸಿನ ಮರೆಯಲ್ಲಿ
ಆ ಇಲ್ಲವನ್ನೇ ಹಚ್ಚಿ ಸೇದಿದೆ.

ನಾನು ಗೋಲ್‌ಕೀಪರ್ ಆಗಿದ್ದವಳು.
ಪೊನ್ನಂಪೇಟೆಯ ಹಾಸ್ಟೆಲಿನಲ್ಲಿ, ಹದಿನೇಳಕ್ಕೆ,
ಸೆಮಿಫೈನಲ್ ಸೋತ ರಾತ್ರಿ
ನೀರಿನ ಟ್ಯಾಂಕಿನ ಮೇಲೆ ಕೂತು ಕಲಿತದ್ದು.
ಪ್ಯಾಡು ಬಿಚ್ಚಿದ ಕಾಲು ಹಗುರ, ತಲೆ ಇನ್ನೂ ಹಗುರ.
ಆಮೇಲೆ ಹದಿನಾಲ್ಕು ವರ್ಷ
ಶಾಲೆಯಲ್ಲಿ ಡ್ರಿಲ್ ಟೀಚರ್,
ಮದುವೆಮನೆಯಲ್ಲಿ ವಾಲಗಕ್ಕೆ ಮೊದಲು ಏಳುವ ಸೊಸೆ,
ಪಲ್ಪರ್ ಶೆಡ್ಡಿನ ಹಿಂದೆ ದಿನಕ್ಕೆ ಆರು.
ಕಾಫಿ ಸಿಪ್ಪೆ ಕೊಳೆತ ನಾತದಲ್ಲಿ
ನನ್ನ ನಾತವನ್ನು ಯಾರು ಹುಡುಕುತ್ತಾರೆ?

ಪೂವಯ್ಯ ಜಗಲಿಯಲ್ಲೇ ಸೇದುತ್ತಾನೆ, ಕಾಲ ಮೇಲೆ ಕಾಲು ಹಾಕಿ.
ಅವನಿಗೆ ಚೌಕ ಇಲ್ಲ.

ಒಲೆಯ ಮೇಲಿನ ಅಟ್ಟದಲ್ಲಿ ಹಂದಿಮಾಂಸದ ಪಟ್ಟಿಗಳು
ತಿಂಗಳುಗಟ್ಟಲೆ ತೂಗಿ ಕಪ್ಪಾಗುತ್ತವೆ.
ಹೊಗೆ ತಾಗಿದ್ದು ಕೆಡುವುದಿಲ್ಲ ಕುಂಞಿ, ಅಂದರು ಅತ್ತೆ ಬೊಳ್ಳವ್ವ
ಕೋಲಿನಿಂದ ಒಂದು ತುಂಡು ಇಳಿಸುತ್ತ.
ಆ ರಾತ್ರಿ ನಿದ್ದೆ ಬರಲಿಲ್ಲ.
ಕೆಡದೆ ಉಳಿಯುವುದು ಸತ್ತದ್ದು.
ನನ್ನೊಳಗಿರುವುದಕ್ಕೆ ಇನ್ನೂ ಕಿವಿ ಮೂಡಬೇಕು.

ಬಿಟ್ಟೆ.
ಮೂರನೆಯ ದಿನ ಕೈಗೆ ಕೆಲಸ ಸಿಗದೆ
ಹಲಸಿನ ತೊಳೆ ಬಿಡಿಸಿದೆ, ಬೆರಳಿಗೆ ಬೆರಳು ಅಂಟುವ ತನಕ.
ಐದನೆಯ ದಿನ ಕತ್ತಿನ ವಿಸಿಲ್ ಕಿತ್ತು
ಎರಡನೇ ಕ್ಲಾಸಿನ ಹುಡುಗನ ಕಡೆ ಎಸೆದೆ. ಅವನದೇನೂ ತಪ್ಪಿರಲಿಲ್ಲ.
ಒಂಬತ್ತನೆಯ ದಿನ ಮಳೆಯಲ್ಲಿ ಸ್ಕೂಟರ್ ತಿರುಗಿಸಿ
ಬಸ್‌ಸ್ಟ್ಯಾಂಡಿನ ಮೊಯ್ದು ಕಾಕನ ಅಂಗಡಿ.
ಇಷ್ಟು ವರ್ಷ ಕೇಳುವ ಮೊದಲೇ ಪೇಪರಿನಲ್ಲಿ ಸುತ್ತಿ ಕೊಟ್ಟವರು
ನನ್ನ ಮುಖ ನೋಡಿದರು,
ಗುಂಡಿ ಹಾಕಲಾಗದ ರೇನ್‌ಕೋಟು ನೋಡಿದರು.
ಸ್ಟಾಕ್ ಇಲ್ಲ ಮೋಳೇ.
ಅವರ ಬೆನ್ನ ಹಿಂದೆ ಪ್ಯಾಕುಗಳು
ಟೀಂ ಫೋಟೋಗೆ ನಿಂತ ಹಾಗೆ ಎರಡು ಸಾಲು.
ಶುಂಠಿ ಮಿಠಾಯಿ ಒಂದು ಮುಷ್ಟಿ ಕೊಟ್ಟು
ಎರಡಕ್ಕೇ ದುಡ್ಡು ತಗೊಂಡರು.

ಹತ್ತೊಂಬತ್ತನೆಯ ದಿನ ಬೇರೆ ಅಂಗಡಿ ಸಿಕ್ಕಿತು.
ಅದನ್ನೂ ಬರೆಯಬೇಕು. ಎರಡು ದಮ್ಮು.
ಉಳಿದದ್ದು ಕೊಚ್ಚೆಯಲ್ಲಿ ಚುಂಯ್ ಅಂದಿತು.
ಮತ್ತೆ ಒಂದರಿಂದ.

ಕಕ್ಕಡ ಹದಿನೆಂಟರಂದು ಅತ್ತೆ ಮದ್ದು ಸೊಪ್ಪು ಕುದಿಸಿ
ನೇರಳೆ ಬಣ್ಣದ ಪಾಯಸ ಮಾಡಿದರು. ನನಗೆ ಎರಡೇ ಚಮಚ.
ಮರುದಿನ ನಸುಕು, ಕರೆಂಟಿಲ್ಲ,
ಟಾರ್ಚು ಹಿಡಿದು ಬಚ್ಚಲಿಗೆ ಹೋದವಳು
ಕೆಂಪು ಕಂಡೆ.

ಎಷ್ಟು ಹೊತ್ತೋ.
ಮಂಡಿ ಸಿಮೆಂಟಿಗೆ ಊರಿ
ಎರಡೇ ದಮ್ಮು, ಎರಡೇ ದಮ್ಮು ಅಂತ
ಯಾರಿಗೋ ಲೆಕ್ಕ ಒಪ್ಪಿಸುತ್ತಿದ್ದೆ.
ಟ್ಯಾಂಕಿನ ಮೇಲಿನದೂ ಬಂತು, ಆಂಬುಲೆನ್ಸಿನ ಮರೆಯದೂ.
ಆಮೇಲೆ ನೆನಪಾಯಿತು: ಸೊಪ್ಪು.
ಈ ಬೆಳಿಗ್ಗೆ ಊರಲ್ಲಿ ಎಲ್ಲರ ಮೂತ್ರವೂ ಕೆಂಪೇ,
ಪೂವಯ್ಯನದು, ಅತ್ತೆಯದು, ಪಂಚಾಯಿತಿ ಅಧ್ಯಕ್ಷರದು.

ನಕ್ಕೆನೋ ಅತ್ತೆನೋ, ಪೂವಯ್ಯ ಬಾಗಿಲು ಬಡಿದ.
ಚಿಲಕ ತೆಗೆಯದೆ ಎಲ್ಲ ಹೇಳಿದೆ.
ಬಹಳ ಹೊತ್ತು ಹಂಚಿನ ಮೇಲೆ ಮಳೆಯೊಂದೇ.
ಗೊತ್ತಿತ್ತು, ಅಂದ. ಪಲ್ಪರ್ ಶೆಡ್ಡಿಗೆ ಬಾಗಿಲೆಲ್ಲಿದೆ?
ಅವತ್ತು ಜಗಲಿಯ ಕುರ್ಚಿ ಖಾಲಿ ಇತ್ತು.
ಅವನು ಬಿಟ್ಟನೆಂದಲ್ಲ,
ಕೊಡೆ ಹಿಡಿದು ಗೇಟಿನ ತನಕ ಹೋಗುತ್ತಾನೆ, ಈಗಲೂ.

ತಿಂಗಳ ಕೊನೆಗೆ ಅದೇ ಮೇಜು, ಅದೇ ಪೆನ್ನು.
ಸಿಸ್ಟರ್, ಆ ಚೌಕ ತಿದ್ದಿ, ಅಂದೆ.
ಈ ಸಲ ತಲೆಯೆತ್ತಿದಳು.
ವೈಟ್ನರ್ ಮುಗಿದಿದೆ, ಅಂದು
ಇಲ್ಲದ ಮೇಲೆಯೇ ಒತ್ತಿ ಬರೆದಳು: ಇತ್ತು.
ಬಿಟ್ಟು ಎಷ್ಟು ದಿನ?
ಐವತ್ತೊಂದು, ಇವತ್ತಿನದೂ ಸೇರಿಸಿ.
ಇವತ್ತು ಇನ್ನೂ ಮುಗಿದಿಲ್ಲವಲ್ಲ, ಅಂದಳು.

ಹೊರಗೆ ಆಂಬುಲೆನ್ಸ್ ಅಲ್ಲೇ ನಿಂತಿತ್ತು.
ಜೇಬಿನಲ್ಲಿ ಕರಗಿ ಅಂಟಿದ್ದ ಶುಂಠಿ ಮಿಠಾಯಿಯನ್ನು
ಕಾಗದದ ಸಮೇತ ಬಾಯಿಗೆ ಹಾಕಿಕೊಂಡೆ.